ಸೈಲೆನ್ಸರ್‌ನಲ್ಲಿ ಪ್ಲಾಟಿನಂ, ಎಂಜಿನ್‌ನಲ್ಲಿ ರೋಗ

ಪ್ರಶ್ನೆ: ನನ್ನದು 2018ರ ಪೆಟ್ರೋಲ್ ಸ್ವಿಫ್ಟ್, ಸೆಕೆಂಡ್‌ಹ್ಯಾಂಡ್. ಚೆಕ್ ಎಂಜಿನ್ ದೀಪ ಆರುತ್ತಿಲ್ಲ, ಪಿಕಪ್ಪೂ ಬಿದ್ದಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ತೆಗೆದು ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿಸಿದರೆ ಗಾಡಿ ಹಾರುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ಹಳೆಯದನ್ನು ಅವರೇ ಇಟ್ಟುಕೊಂಡು ಬಿಲ್ಲಿನಲ್ಲಿ ಕಳೆಯುತ್ತಾರಂತೆ. ಹಾಕಿಸಲೇ?
– ಓದುಗರು, ಶಿರಾಳಕೊಪ್ಪ

ಉತ್ತರ: ಹಾಕಿಸಬೇಡಿ. ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಪಿಕಪ್ಪಿನ ತಾಪತ್ರಯ ಹಾಗೇ ಉಳಿಯುತ್ತದಲ್ಲ.

ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಿಮ್ಮ ಕೊನೆಯ ಮಾತು. ಕೆಟ್ಟುಹೋಯಿತು ಅನ್ನುವ ಭಾಗಕ್ಕೆ ದುಡ್ಡು ಕೊಡುತ್ತಾರೆಂದರೆ ಅದರೊಳಗೆ ಏನೋ ಇರಬೇಕು. ಇದೆ: ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ಎಲ್ಲ ಸೇರಿದರೂ ಕೆಲವೇ ಗ್ರಾಂ, ಆದರೆ ಬೆಲೆ ಚಿನ್ನದ ಜಾತಿಯದು. ಮಾರುತಿ ಇಕೋ ವ್ಯಾನುಗಳ ಸೈಲೆನ್ಸರನ್ನೇ ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗುತ್ತಿದ್ದ ತಂಡಗಳನ್ನು ಗುಜರಾತಿನಲ್ಲಿ ಪೊಲೀಸರು ಹಿಡಿದಿದ್ದಾರೆ. ಕಳ್ಳರಿಗೆ ಬೇಕಿದ್ದದ್ದು ತಗಡಲ್ಲ, ಒಳಗಿನ ಪುಡಿ. ನಿಮ್ಮ ಗ್ಯಾರೇಜಿನವರು ಕಳ್ಳರೆಂದು ನಾನು ಹೇಳುತ್ತಿಲ್ಲ. ಯಾವುದು ಗುಜರಿ, ಯಾವುದು ಮಾಲು ಅನ್ನುವುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಅಷ್ಟೆ.

ಕನ್ವರ್ಟರ್ ಎಂಬ ಆ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿ ಗಟ್ಟಿ ಇರುತ್ತದೆ. ಅದರ ಸಣ್ಣ ಸಣ್ಣ ಕಿಂಡಿಗಳ ಗೋಡೆಗೆ ಈ ಲೋಹಗಳ ತೆಳು ಲೇಪ. ಹೊಗೆ ಅಲ್ಲಿ ಹಾದುಹೋಗುವಾಗ ಕಾರ್ಬನ್ ಮಾನಾಕ್ಸೈಡ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಸುಡದೆ ಉಳಿದ ಪೆಟ್ರೋಲ್ ಕಾರ್ಬನ್ ಡೈಆಕ್ಸೈಡೂ ನೀರೂ ಆಗುತ್ತದೆ, ನೈಟ್ರೋಜನ್ ಆಕ್ಸೈಡುಗಳು ಮತ್ತೆ ನೈಟ್ರೋಜನ್ ಆಗುತ್ತವೆ. ಈ ಮೂರೂ ಒಟ್ಟಿಗೆ ನಡೆಯಬೇಕಾದರೆ ಒಂದು ಕೆಜಿ ಪೆಟ್ರೋಲಿಗೆ ಸುಮಾರು 14.7 ಕೆಜಿ ಗಾಳಿ ಎಂಬ ಲೆಕ್ಕ ತಪ್ಪಬಾರದು. ಲೆಕ್ಕ ನೋಡಿಕೊಳ್ಳಲು ಕನ್ವರ್ಟರ್‌ನ ಮುಂದೊಂದು ಆಕ್ಸಿಜನ್ ಸೆನ್ಸರ್, ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಹಿಂದೊಂದು. ಹಿಂದಿನದೂ ಮುಂದಿನದರಂತೆಯೇ ಏರಿಳಿಯತೊಡಗಿದರೆ ಎಂಜಿನ್ನಿನ ಕಂಪ್ಯೂಟರ್ ದೀಪ ಹಚ್ಚುತ್ತದೆ. ಸ್ಕ್ಯಾನರಿನಲ್ಲಿ ಪಿ0420 ಎಂಬ ಕೋಡ್ ಕಾಣುತ್ತದೆ. ಅದನ್ನು ನೋಡಿದೊಡನೆ ‘ಕ್ಯಾಟ್ ಹೋಯ್ತು’ ಅನ್ನುವುದು ಮೆಕ್ಯಾನಿಕ್ಕುಗಳ ರೂಢಿ.

ಕನ್ವರ್ಟರ್ ತನ್ನಷ್ಟಕ್ಕೆ ತಾನು ಸಾಯುವುದು ಅಪರೂಪ, ಅದನ್ನು ಕೊಲ್ಲುವುದು ಎಂಜಿನ್. ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಸರಿಯಾಗಿ ಕಿಡಿ ಕೊಡದಿದ್ದರೆ ಸುಡದ ಪೆಟ್ರೋಲ್ ನೇರವಾಗಿ ಕನ್ವರ್ಟರಿಗೆ ಹೋಗಿ ಅಲ್ಲೇ ಉರಿಯುತ್ತದೆ. ಶಾಖ ಮಿತಿ ಮೀರಿದರೆ ಪಿಂಗಾಣಿ ಕರಗಿ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಹೊಗೆಗೆ ದಾರಿಯಿಲ್ಲದಾಗ ಪಿಕಪ್ ಬೀಳುತ್ತದೆ. ರಿಂಗ್ ಸವೆದು ಆಯಿಲ್ ಕುಡಿಯುವ ಎಂಜಿನ್ ಆದರೆ ಆಯಿಲಿನಲ್ಲಿರುವ ರಂಜಕ ಲೇಪದ ಮೇಲೆ ಕೂತು ಅದನ್ನು ಕುರುಡು ಮಾಡುತ್ತದೆ. ಮಳೆಗಾಲದಲ್ಲಿ ಬ್ಯಾಟರಿ ಕೈಕೊಟ್ಟಾಗ ನಾಲ್ಕು ಜನ ಸೇರಿ ಮತ್ತೆ ಮತ್ತೆ ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಪದ್ಧತಿಯೂ ಇದಕ್ಕೆ ಒಳ್ಳೆಯದಲ್ಲ. ಆಗಲೂ ಹಸಿ ಪೆಟ್ರೋಲೇ ಹೋಗುವುದು. ರೋಗ ಹುಡುಕದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ತೆಗೆಸಿಬಿಟ್ಟರೆ ಎಂಜಿನ್ನಿನ ರೋಗ ಒಳಗೇ ಬೆಳೆಯುತ್ತದೆ.

ಕನ್ವರ್ಟರಿಗೆ ಹಿಂದೆಲ್ಲ ಇನ್ನೂ ದೊಡ್ಡ ವೈರಿಯಿತ್ತು: ಪೆಟ್ರೋಲಿನಲ್ಲಿನ ಸೀಸ. ಭಾರತದಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸವಿಲ್ಲದ ಪೆಟ್ರೋಲ್ ದೇಶವನ್ನೆಲ್ಲ ತಲುಪಿದ್ದು 2000ದ ಫೆಬ್ರುವರಿಗೆ. ನಡುವಿನ ಆ ವರ್ಷಗಳಲ್ಲಿ ಚೆನ್ನೈ ಕಾರು ದೂರದ ಹಳ್ಳಿಯ ಬಂಕಿನಲ್ಲಿ ಸೀಸದ ಪೆಟ್ರೋಲ್ ತುಂಬಿಸಿಕೊಂಡರೆ ಕನ್ವರ್ಟರಿನ ಲೇಪ ಹಾಳಾಗುತ್ತಿತ್ತು. ಈಗ ಆ ಭಯವಿಲ್ಲ.

ಇನ್ನು ‘ಗಾಡಿ ಹಾರುತ್ತದೆ’ ಎಂಬ ಮಾತು. ನಿಮ್ಮದು ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್. ಆರೋಗ್ಯವಾಗಿರುವ ಕನ್ವರ್ಟರ್ ಅದರಿಂದ ಕಸಿಯುವ ಶಕ್ತಿ ಸೊರಬದ ರಸ್ತೆಯಲ್ಲಿ ನಿಮ್ಮ ಕಾಲಿಗೆ ಗೊತ್ತೇ ಆಗದಷ್ಟು. ಕಟ್ಟಿಕೊಂಡ ಕನ್ವರ್ಟರ್ ತೆಗೆದರೆ ಪಿಕಪ್ ಬರುವುದು ನಿಜ, ಆದರೆ ಹೊಸ ಮೂಲ ಕನ್ವರ್ಟರ್ ಹಾಕಿದರೂ ಅದು ಬರುತ್ತದೆ. ಮಿಕ್ಕದ್ದು ಶಬ್ದ. ಶಬ್ದ ಹೆಚ್ಚಿದ ಗಾಡಿ ವೇಗವಾಗಿ ಹೋಗುತ್ತಿದೆ ಎಂದು ಅನ್ನಿಸುತ್ತದೆ, ಫ್ರೀ ಫ್ಲೋ ಮಾರುವವರ ವ್ಯಾಪಾರ ನಡೆಯುವುದೇ ಆ ಅನ್ನಿಸಿಕೆಯ ಮೇಲೆ.

ಕಾನೂನು ಚುಟುಕಾಗಿ: ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಎಮಿಷನ್ ಟೆಸ್ಟಿನಲ್ಲಿ ನಿಮ್ಮದರಂಥ ಬಿಎಸ್-4 ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.3 ಮೀರುವಂತಿಲ್ಲ. ಕನ್ವರ್ಟರ್ ಇಲ್ಲದೆ ಪ್ರಾಮಾಣಿಕ ಯಂತ್ರದ ಮುಂದೆ ಪಾಸಾಗುವುದು ಕಷ್ಟ. ಅಪ್ರಾಮಾಣಿಕ ಯಂತ್ರದ ವಿಳಾಸ ನನ್ನನ್ನು ಕೇಳಬೇಡಿ.

ಈಗ ಮಾಡಬೇಕಾದ್ದು. ಬೇರೆ ಗ್ಯಾರೇಜಿನಲ್ಲಿ, ಬೇಕಿದ್ದರೆ ಶಿವಮೊಗ್ಗದಲ್ಲಿ, ಸ್ಕ್ಯಾನ್ ಮಾಡಿಸಿ ಕೋಡುಗಳನ್ನೆಲ್ಲ ಬರೆಸಿಕೊಳ್ಳಿ. ಪಿ0300ರಿಂದ ಪಿ0304ರವರೆಗಿನ ಯಾವುದಾದರೂ ಇದ್ದರೆ ಅದು ಮಿಸ್‌ಫೈರ್, ಪ್ಲಗ್ಗು ಕಾಯಿಲ್ಲುಗಳಿಂದ ಶುರುಮಾಡಿ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರಿದರೂ ಸೆನ್ಸರ್ ಸುಳ್ಳು ಹೇಳುತ್ತದೆ. ಆಯಿಲ್ ಎಷ್ಟು ಬೇಗ ಇಳಿಯುತ್ತದೆಂದು ನೋಡಿಕೊಳ್ಳಿ. ಎಂಜಿನ್ ತಣ್ಣಗಿರುವಾಗ ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ. ಒಳಗೆ ಗಲಗಲ ಅಂದರೆ ಗಟ್ಟಿ ಒಡೆದಿದೆ. ದೀಪ ಸುಮ್ಮನೆ ಉರಿಯುವ ಬದಲು ಮಿಣುಕತೊಡಗಿದರೆ ಮಾತ್ರ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ನಿಲ್ಲಿಸುವಾಗ ಜಾಗವನ್ನೂ ನೋಡಿ. ಕಾದ ಕನ್ವರ್ಟರ್ ಮುನ್ನೂರು ನಾನ್ನೂರು ಡಿಗ್ರಿ ಮೀರಿರುತ್ತದೆ, ಮಿಸ್‌ಫೈರ್ ಇದ್ದರೆ ಇನ್ನೂ ಹೆಚ್ಚು. ಸುಗ್ಗಿಯಲ್ಲಿ ಜೋಳದ ಸೊಪ್ಪೆಯ ಮೇಲೋ ತೋಟದ ಒಣ ಹಾಳೆಯ ಮೇಲೋ ನಿಲ್ಲಿಸಬೇಡಿ. ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುರುಳಿಯ ಸೊಪ್ಪು ಕಾರಿನಡಿ ಸುತ್ತಿಕೊಂಡು ಬೆಂಕಿ ಹೊತ್ತಿದ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಕನ್ವರ್ಟರ್ ಸತ್ತಿದೆ ಎಂದೇ ಆದರೆ ಕಂಪನಿಯ ಭಾಗವನ್ನೇ ಹಾಕಿಸಿ. ದುಬಾರಿಯೇ. ಹೊರಗಿನ ಅಗ್ಗದವುಗಳಲ್ಲಿ ಲೋಹದ ಲೇಪ ತೆಳುವಾಗಿರುತ್ತದೆ, ದೀಪ ಮತ್ತೆ ಬೇಗ ಹತ್ತುತ್ತದೆ. ಹಳೆಯದನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತನ್ನಿ. ಮಾರುವುದಾದರೆ ಎರಡು ಮೂರು ಕಡೆ ದರ ಕೇಳಿ, ಬಿಲ್ ಪಡೆದು ಮಾರಿ.