ಹಳೆ ವಿದ್ಯಾರ್ಥಿಯ ದೇಣಿಗೆ ಏತಕ್ಕೆ? – ಕೆಥೋಲಿಕ್ ಪ್ರಾಥಮಿಕ ಶಾಲೆಗಳ ಅನುಭವ

ಸುವರ್ಣ ಮಹೋತ್ಸವದ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋದವರಲ್ಲಿ ನಾನೂ ಒಬ್ಬನು. ನಮ್ಮ ಶಾಲೆಯಲ್ಲೇ ಕಲಿತ ಹಿರಿಯರೊಬ್ಬರು ಚಾವಡಿಯಲ್ಲಿ ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟು ಕೇಳಿದರು: "ಮಾಸ್ಟ್ರೇ, ಅಧ್ಯಾಪಕರ ಸಂಬಳ ಸರಕಾರದ್ದು. ಮತ್ತೆ ನಮ್ಮ ಹಣ ಏತಕ್ಕೆ?" ದೇಣಿಗೆಯನ್ನು ಅವರು ಕೊಟ್ಟರು, ಉತ್ತರ ಕೊಡಲಾರದೆ ನಾನು ಮರಳಿದೆ. ಈ ಲೇಖನವು ಆ ಬಾಕಿಯನ್ನು ತೀರಿಸುವ ಯತ್ನ.

ಇಂಥ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವು ಅಮೇರಿಕದ ಕೆಥೋಲಿಕ್ ಪ್ರಾಥಮಿಕ ಶಾಲೆಗಳು. 1884ರಲ್ಲಿ ಬಾಲ್ಟಿಮೋರಿನಲ್ಲಿ ನೆರೆದ ಬಿಷಪರ ಮಹಾಸಭೆಯು ಪ್ರತಿಯೊಂದು ಇಗರ್ಜಿಯ ಬಳಿ ಶಾಲೆಯಿರಬೇಕೆಂದು ವಿಧಿಸಿತು. 1960ರ ದಶಕದ ಆರಂಭಕ್ಕೆ ಆ ದೇಶದ ಸುಮಾರು 13,000 ಕೆಥೋಲಿಕ್ ಶಾಲೆಗಳಲ್ಲಿ, ಪ್ರೌಢಶಾಲೆಗಳೂ ಸೇರಿ, 52 ಲಕ್ಷ ಮಕ್ಕಳು ಕಲಿಯುತ್ತಿದ್ದರು. ಶುಲ್ಕ ಅತ್ಯಲ್ಪವಾಗಿತ್ತು. ಏಕೆಂದರೆ ಪಾಠ ಹೇಳುತ್ತಿದ್ದವರು ಬಹುತೇಕ ಧರ್ಮಭಗಿನಿಯರು. ಊಟ ವಸತಿಗೆ ಸಾಲುವಷ್ಟೇ ಅವರ ವೇತನ. ಶಾಲೆಯ ನಿಜವಾದ ಮೂಲಧನ ಅವರ ದುಡಿಮೆಯೇ ಆಗಿದ್ದರೂ ಯಾವ ಲೆಕ್ಕಪತ್ರದಲ್ಲೂ ಅದು ಕಾಣಿಸಲಿಲ್ಲ. 1965ರಲ್ಲಿ ಸುಮಾರು 1,80,000ದಷ್ಟಿದ್ದ ಧರ್ಮಭಗಿನಿಯರು ಇಂದು 40,000ಕ್ಕೂ ಕಡಿಮೆ. ಅವರ ಸ್ಥಾನಕ್ಕೆ ಸಂಬಳದ ಅಧ್ಯಾಪಕರು ಬಂದಾಗಲೇ ಶಾಲೆಯ ನಿಜವಾದ ಖರ್ಚು ಬೆಳಕಿಗೆ ಬಂತು. ಆ ಸಂಬಳಕ್ಕೆ ಕೆಲವು ರಾಜ್ಯಗಳು ಕೊಡುತ್ತಿದ್ದ ಸಹಾಯವನ್ನು 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಬಡ ಮಕ್ಕಳ ಶುಲ್ಕಕ್ಕಾಗಿ ಇನ್ನರ್ ಸಿಟಿ ಸ್ಕಾಲರ್‌ಶಿಪ್ ಫಂಡ್ ಹುಟ್ಟಿಕೊಂಡಿತು; 1986ರಲ್ಲಿ ಶಿಕಾಗೋದಲ್ಲಿ ಬಿಗ್ ಶೋಲ್ಡರ್ಸ್ ಫಂಡ್.

ಒಂದೊಂದು ಶಾಲೆಯೂ ತನ್ನ ಹಳೆ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೊರಟಿತು. ಇಲ್ಲಿ ಎದುರಾದ ತೊಡಕು ನಮಗೂ ಪರಿಚಿತವೇ. ಮನುಷ್ಯನ ಅಭಿಮಾನ ಕೊನೆಗೆ ಕಲಿತ ಕಾಲೇಜಿಗೆ ಅಂಟಿಕೊಳ್ಳುತ್ತದೆ. ಅಕ್ಷರ ತಿದ್ದಿಸಿದ ಶಾಲೆ ನೆನಪಾಗುವುದು ತಡವಾಗಿ. ಕಾಲೇಜಿನ ಬಳಿ ವಿಳಾಸಗಳಿರುತ್ತವೆ, ಪ್ರಾಥಮಿಕ ಶಾಲೆಯ ಬಳಿ ಮಾಸಿದ ದಾಖಲಾತಿ ಪುಸ್ತಕ ಮಾತ್ರ.

ಸಂಗ್ರಹಿಸಿದ ಹಣವನ್ನು ಎರಡು ಬಗೆಯಲ್ಲಿ ಬಳಸಬಹುದು: ಆಯಾ ವರ್ಷವೇ ವ್ಯಯಿಸುವುದು ಅಥವಾ ದತ್ತಿನಿಧಿಯಾಗಿ ಇರಿಸಿ, ವರ್ಷಕ್ಕೆ ನೂರಕ್ಕೆ ನಾಲ್ಕೈದರಂತೆ ಮಾತ್ರ ತೆಗೆಯುವುದು. ಮೆಂಫಿಸ್ ಧರ್ಮಪ್ರಾಂತ್ಯದಲ್ಲಿ ಹೆಸರು ಹೇಳಲಿಚ್ಛಿಸದ ದಾನಿಗಳ ನೆರವಿನಿಂದ, ಮುಚ್ಚಿದ್ದ ಹಲವು ಪ್ರಾಥಮಿಕ ಶಾಲೆಗಳು 1999ರಿಂದ ಜುಬಿಲಿ ಶಾಲೆಗಳೆಂಬ ಹೆಸರಿನಲ್ಲಿ ಮತ್ತೆ ತೆರೆದವು. ಊರೆಲ್ಲ ಅದನ್ನು ಪವಾಡವೆಂದು ಕರೆದಿತು. ಆದರೆ ಶುಲ್ಕದಿಂದ ಖರ್ಚು ಹುಟ್ಟಲಿಲ್ಲ, ನಿಧಿ ಕರಗುತ್ತ ಹೋಯಿತು. 2019ರಲ್ಲಿ ಅವು ಪುನಃ ಮುಚ್ಚಿದವು. ನಮ್ಮ ಮಹಾದ್ವಾರದ ನಕ್ಷೆಯನ್ನು ನೋಡುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಸಮಿತಿಯ ಮಿತ್ರರು ಮನ್ನಿಸಬೇಕು.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ಇಗರ್ಜಿಯವರು ನಡೆಸುವುದಿರಲಿ, ನಮ್ಮಂತೆ ಊರವರು ನಡೆಸುವುದಿರಲಿ, ಕಾಸರಗೋಡಿನ ಅನುದಾನಿತ ಕನ್ನಡ ಶಾಲೆಗಳಿಗೆಲ್ಲ 1958ರ ಕೇರಳ ಶಿಕ್ಷಣ ಕಾಯಿದೆಯೇ ಅನ್ವಯ. ಸಂಬಳ ಸರಕಾರದ್ದು ಎಂಬುದು ಸತ್ಯ. ಕಟ್ಟಡದ ಹೊಣೆ ಮಾತ್ರ ಮ್ಯಾನೇಜರರದು. ದುರಸ್ತಿಗೆ ಬರುವ ಅನುದಾನ ಅತ್ಯಲ್ಪ. ಮೇಲಾಗಿ ಅಧ್ಯಾಪಕ ಹುದ್ದೆ ಉಳಿಯುವುದು ಮಕ್ಕಳ ಸಂಖ್ಯೆಯಿಂದ. ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಅಂದು ಮಕ್ಕಳು ಕಡಿಮೆಯಾದರೆ ಕನ್ನಡದ ಒಂದು ಹುದ್ದೆಯೇ ಹೋಗಬಹುದು. ದೂರದ ಗುಡ್ಡೆಯಿಂದ ಮಕ್ಕಳನ್ನು ಕರೆತರುವ ವಾಹನಕ್ಕೆ ಯಾವ ಅನುದಾನವೂ ನಮಗೆ ಬರುವುದಿಲ್ಲ. ನಿಮ್ಮ ಹಣ ಬೇಕಾಗಿರುವುದು ಅಲ್ಲಿ. 5 ಲಕ್ಷ ರೂಪಾಯಿಯನ್ನು ಶೇಕಡಾ 6ರ ಬಡ್ಡಿಗೆ ಇರಿಸಿದರೆ ವರ್ಷಕ್ಕೆ 30,000 ಬರುತ್ತದೆ. ವಾಹನದ ಪೂರ್ತಿ ವೆಚ್ಚಕ್ಕೆ ಅದು ಸಾಲದು, ಆದರೆ ಪ್ರತಿ ಜೂನಿನಲ್ಲೂ ಕೈಗೆ ಸಿಗುತ್ತದೆ.

ಪರದೇಶದಲ್ಲಿರುವವರಿಗೊಂದು ಸೂಚನೆ. ಗಲ್ಫಿನಲ್ಲಿ ದುಡಿಯುತ್ತ ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದೇಣಿಗೆಯನ್ನು ಕಾನೂನು ವಿದೇಶೀ ದೇಣಿಗೆಯೆಂದು ಎಣಿಸುವುದಿಲ್ಲ. ಅನ್ಯ ದೇಶದ ಪೌರತ್ವ ಪಡೆದವರ ಹಣಕ್ಕೆ 2010ರ ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆ ಅನ್ವಯಿಸುತ್ತದೆ; ಅಂಥವರು ಕಳುಹಿಸುವ ಮೊದಲು ನಮ್ಮನ್ನು ವಿಚಾರಿಸಬೇಕು.

ದಾಖಲಾತಿ ಪುಸ್ತಕವನ್ನು ನಕಲು ಮಾಡಿ ಮುಗಿಸಿದ್ದೇವೆ. ಮೊದಲ ವರ್ಷ ಸೇರಿದವರಲ್ಲಿ ಅರ್ಧದಷ್ಟು ಮಂದಿಯ ವಿಳಾಸ ಇನ್ನೂ ಸಿಕ್ಕಿಲ್ಲ. ಬಲ್ಲವರು ಶಾಲಾ ಕಚೇರಿಗೆ ಬಂದು ಬರೆಸಬೇಕಾಗಿ ವಿನಂತಿ.