ಬಿಸಿಲುಸೀಮೆಯ ಕೋಳಿಗೆ ನೀರಿನ ಸಾಧನ: ವಿನ್ಯಾಸದ ಲೆಕ್ಕ

ಕೋಳಿ ನೀರನ್ನು ಹೀರಲಾರದು. ದನದಂತೆ ತುಟಿ ಇಟ್ಟು ಎಳೆದುಕೊಳ್ಳುವ ಬಾಯಿ ಅದಕ್ಕಿಲ್ಲ. ಕೊಕ್ಕನ್ನು ನೀರಿಗೆ ಇಳಿಸಿ ಒಂದಿಷ್ಟು ತುಂಬಿಕೊಳ್ಳುತ್ತದೆ, ತಲೆ ಎತ್ತಿ ಅದನ್ನು ಗಂಟಲಿಗೆ ಇಳಿಬಿಡುತ್ತದೆ. ಪ್ರತಿ ಗುಟುಕಿಗೂ ಒಮ್ಮೆ ಬಾಗಬೇಕು, ಒಮ್ಮೆ ಏಳಬೇಕು. ಪಾತ್ರೆಯ ಅಂಚು ಎಷ್ಟು ಎತ್ತರವಿರಬೇಕು, ನೀರು ಎಷ್ಟು ಆಳವಿರಬೇಕು, ಪೈಪಿನ ನಿಪ್ಪಲ್ (ಕೊಕ್ಕಿನಿಂದ ಕಡ್ಡಿ ತಳ್ಳಿದರೆ ನೀರು ತೊಟ್ಟಿಕ್ಕುವ ಮೊಳೆ) ಯಾವ ಮಟ್ಟದಲ್ಲಿ ತೂಗಬೇಕು ಎಂಬುದೆಲ್ಲ ಈ ಬಾಗಿ ಏಳುವ ಚಲನೆಯಿಂದಲೇ ತೀರ್ಮಾನವಾಗುತ್ತದೆ. ಅಂಚು ತಗ್ಗಿದ್ದರೆ ತಲೆ ಎತ್ತುವಾಗ ನೀರು ಹಾಸಿನ ಮೇಲೆ ಚೆಲ್ಲುತ್ತದೆ, ಕಾಲಿನ ಕಸ ಪಾತ್ರೆಗೆ ಬೀಳುತ್ತದೆ. ಹೆಚ್ಚು ಎತ್ತರವಿದ್ದರೆ ಗಿಡ್ಡ ಕೋಳಿ ಬಾಯಾರಿಯೇ ಉಳಿಯುತ್ತದೆ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಭಾಗದಲ್ಲಿ ಈ ಲೆಕ್ಕಕ್ಕೆ ಬಿಸಿಲೂ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಹಗಲೆಲ್ಲ ಕಾದ ಬಂಡೆಗುಡ್ಡಗಳು ರಾತ್ರಿಯೂ ಧಗೆ ಉಗುಳುತ್ತವೆ. ಕೋಳಿ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಮುಖ್ಯವಾಗಿ ಉಸಿರಿನ ಜೊತೆ ಆವಿಯಾಗುವ ನೀರಿನಿಂದಲೇ ಅದು ಮೈ ತಂಪು ಮಾಡಿಕೊಳ್ಳಬೇಕು. ಮೊಟ್ಟೆಯ ತೂಕದಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ನೀರೇ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ ಪ್ರಕಟಿಸುವ ದರಪಟ್ಟಿಯಲ್ಲಿ ಹೊಸಪೇಟೆಗೆ ತನ್ನದೇ ಸಾಲು ಇದೆ; ಮೊಟ್ಟೆಕೋಳಿ ಇಲ್ಲಿ ಅಷ್ಟು ಬೇರೂರಿದ ಕಸುಬು. ಅಂಥ ಕಡೆ ಒಂದು ದಿನ ನೀರು ತಪ್ಪಿದರೂ ಮೊಟ್ಟೆ ಕುಸಿಯುತ್ತದೆ, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ವಾರಗಳು ಹಿಡಿಯಬಹುದು.

ಎಷ್ಟು ನೀರು ಬೇಕು

ತಂಪಿನ ದಿನಗಳಲ್ಲಿ ಕೋಳಿ ತಾನು ತಿಂದ ಆಹಾರದ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ದಿನಕ್ಕೆ 110 ಗ್ರಾಂ ತಿನ್ನುವ ಮೊಟ್ಟೆಕೋಳಿಗೆ ಅದು 220 ಮಿಲಿಲೀಟರ್ ಆಯಿತು. ಬಿಸಿಲು ಏರಿದಂತೆ ತಿನ್ನುವುದು ಇಳಿದು ಕುಡಿಯುವುದು ಏರುತ್ತದೆ. ಕಡುಬೇಸಿಗೆಯಲ್ಲಿ ಒಂದು ಕೋಳಿ ಅರ್ಧ ಲೀಟರ್ ಕುಡಿಯಬಹುದೆಂದು ಹಿಡಿದು ವಿನ್ಯಾಸ ಮಾಡುವುದು ಸುರಕ್ಷಿತ. ಹಾಗಾದರೆ 1000 ಕೋಳಿಗಳಿಗೆ ದಿನಕ್ಕೆ 500 ಲೀಟರ್. ಕರೆಂಟು ಕೈಕೊಡುವುದು, ಮೋಟರು ಸುಡುವುದು, ಬೋರ್‌ವೆಲ್ ಸೊರಗುವುದು ಹಳ್ಳಿಯಲ್ಲಿ ಇದ್ದದ್ದೇ ಆದ್ದರಿಂದ ಎರಡು ದಿನದ ನೀರು, ಅಂದರೆ 1000 ಲೀಟರಿನ ತೊಟ್ಟಿ ಬೇಕು. ಕಾಲುವೆ ನಂಬಿದವರು ಇನ್ನಷ್ಟು ಮುಂದಾಲೋಚನೆ ಮಾಡಬೇಕು: ತುಂಗಭದ್ರಾ ಕಾಲುವೆಗಳಲ್ಲಿ ನೀರು ನಿಲ್ಲುವ ಕಾಲವೂ ಕೋಳಿ ಅತಿ ಹೆಚ್ಚು ಕುಡಿಯುವ ಕಾಲವೂ ಬೇಸಿಗೆಯೇ. ಶೆಡ್ ತೊಳೆಯುವ, ಮೇಲ್ಛಾವಣಿಗೆ ಚಿಮುಕಿಸುವ ನೀರು ಈ ಲೆಕ್ಕದಲ್ಲಿಲ್ಲ. ಅದಕ್ಕೆ ಬೇರೆ ತೊಟ್ಟಿ ಇಡಬೇಕು.

ಒಟ್ಟು ನೀರಿದ್ದರೆ ಸಾಲದು, ಕುಡಿಯಲು ಜಾಗವೂ ಬೇಕು. ಕೋಳಿಗಳು ದಿನವಿಡೀ ಸರದಿ ಹಿಡಿದು ಕುಡಿಯುವುದಿಲ್ಲ. ಬೆಳಗ್ಗೆ ಬೆಳಕಾದೊಡನೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಒಟ್ಟಿಗೆ ಮುತ್ತುತ್ತವೆ. ಉದ್ದ ತೊಟ್ಟಿಯಾದರೆ ದೊಡ್ಡ ಕೋಳಿಯೊಂದಕ್ಕೆ 2.5 ಸೆಂಟಿಮೀಟರ್ ಅಂಚು ಬೇಕು. ಗುಂಡು ಪಾತ್ರೆಗೆ ಸ್ವಲ್ಪ ಕಡಿಮೆ ಸಾಕು, ಏಕೆಂದರೆ ಹಕ್ಕಿಗಳು ಹೂವಿನ ಎಸಳಿನಂತೆ ಹೊರಗೆ ಅಗಲವಾಗಿ ನಿಲ್ಲುತ್ತವೆ. ಗಂಟೆಯಾಕಾರದಲ್ಲಿ ತೂಗುವ ಗುಂಡು ಪಾತ್ರೆಯಾದ, 40 ಸೆಂಟಿಮೀಟರ್ ಅಗಲದ ಬೆಲ್ ಡ್ರಿಂಕರಿನ ಸುತ್ತಳತೆ 125 ಸೆಂಟಿಮೀಟರ್. ಅದಕ್ಕೆ 80 ಕೋಳಿ ಬಿಟ್ಟರೆ ತಲೆಗೆ ಒಂದೂವರೆ ಸೆಂಟಿಮೀಟರ್ ಬರುತ್ತದೆ. ಬೇಸಿಗೆಯಲ್ಲಿ 60 ಕೋಳಿಗೆ ಒಂದರಂತೆ ತೂಗಿದರೆ ಎರಡು ಸೆಂಟಿಮೀಟರ್ ಸಿಗುತ್ತದೆ. ಈ ಸೀಮೆಯಲ್ಲಿ ಎರಡನೆಯದನ್ನೇ ಗಟ್ಟಿ ಅಳತೆಯಾಗಿ ಹಿಡಿಯಬೇಕು. ನಿಪ್ಪಲ್ ಆದರೆ ಒಂದಕ್ಕೆ 10ರಿಂದ 12 ಕೋಳಿ.

ಬೋರಲು ಡಬ್ಬಿಯ ಗುಟ್ಟು

ಹಿತ್ತಲಲ್ಲಿ ಹತ್ತಿಪ್ಪತ್ತು ಜವಾರಿ ಕೋಳಿ ಸಾಕುವವರಿಗೂ, ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳನ್ನು ತಂದವರಿಗೂ ಅತಿ ಸುಲಭದ ಸಾಧನ ಎಂದರೆ ತಟ್ಟೆಯಲ್ಲಿ ಬೋರಲು ಹಾಕಿದ ಡಬ್ಬಿ. ಡಬ್ಬಿಯ ಬಾಯಿಯ ಹತ್ತಿರ ಒಂದು ತೂತು ಕೊರೆದು, ನೀರು ತುಂಬಿ, ತಟ್ಟೆ ಮುಚ್ಚಿ, ಒಮ್ಮೆಗೇ ತಿರುಗಿಸಿ ಇಟ್ಟರೆ ಮುಗಿಯಿತು. ತೂತಿನ ಮೇಲಂಚಿಗೆ ಬರುವಷ್ಟು ನೀರು ತಟ್ಟೆಗೆ ಇಳಿದು ನಿಲ್ಲುತ್ತದೆ, ಹೊರಗಿನ ಗಾಳಿಯ ಒತ್ತಡ ಉಳಿದ ನೀರನ್ನು ಒಳಗೇ ಹಿಡಿದಿಡುತ್ತದೆ. ಕೋಳಿ ಕುಡಿದು ಮಟ್ಟ ಇಳಿದಾಗ ತೂತಿನಿಂದ ಒಂದು ಗುಳ್ಳೆ ಗಾಳಿ ಒಳಹೋಗಿ ಅಷ್ಟೇ ನೀರು ಹೊರಬರುತ್ತದೆ. ತೂತಿನ ಮೇಲಂಚು ತಟ್ಟೆಯ ಅಂಚಿಗಿಂತ ಒಂದೆರಡು ಸೆಂಟಿಮೀಟರ್ ಕೆಳಗಿರಲೇಬೇಕು. ಮೇಲಿದ್ದರೆ ಡಬ್ಬಿ ಪೂರ್ತಿ ಖಾಲಿಯಾಗಿ ನೆಲ ಕೆಸರಾಗುತ್ತದೆ.

ಸರಿಯಾಗಿ ಮಾಡಿದ ಡಬ್ಬಿಯೂ ಮಧ್ಯಾಹ್ನ ತಾನಾಗಿ ಸೋರುವುದುಂಟು. ತೂತು ದೊಡ್ಡದಾಯಿತೆಂದು ಹಲವರು ಡಬ್ಬಿಯನ್ನೇ ಎಸೆಯುತ್ತಾರೆ. ನಿಜವಾದ ಕಾರಣ ಬಿಸಿಲು. ಹತ್ತು ಲೀಟರಿನ ಡಬ್ಬಿಯಲ್ಲಿ ಮೂರು ಲೀಟರ್ ನೀರು ಉಳಿದು ಏಳು ಲೀಟರ್ ಗಾಳಿ ತುಂಬಿದೆ ಎನ್ನೋಣ. ಬೆಳಗಿನ 25 ಡಿಗ್ರಿಯಿಂದ ಅದು 45 ಡಿಗ್ರಿಗೆ ಕಾದರೆ ಒಳಗಿನ ಗಾಳಿ ಹಿಗ್ಗಿ ಸುಮಾರು ಅರ್ಧ ಲೀಟರ್ ನೀರನ್ನು ಹೊರದಬ್ಬುತ್ತದೆ; ಆವಿಯ ಒತ್ತಡ ಸೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಇಂಥ ಡಬ್ಬಿಯನ್ನು ಬೇವಿನ ಮರದ ಕೆಳಗೋ ಚಪ್ಪರದ ಕೆಳಗೋ ಇಡಬೇಕು, ದೊಡ್ಡದೊಂದರ ಬದಲು ಸಣ್ಣವೆರಡು ಇಟ್ಟು ಮಧ್ಯಾಹ್ನದ ಮೊದಲೇ ತುಂಬಬೇಕು. ಎರಡು ಇಡಲು ಇನ್ನೊಂದು ಕಾರಣವೂ ಇದೆ: ಜೋರಿನ ಹುಂಜವೋ ಹೇಂಟೆಯೋ ಒಂದೇ ಪಾತ್ರೆಯನ್ನು ಕಾವಲು ಕಾದು ಉಳಿದವನ್ನು ಓಡಿಸುತ್ತದೆ. ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟು ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಮಾಡಬೇಕು. ಮೊದಲ ವಾರದ ಮರಿಗಳಿರುವಾಗ ತಟ್ಟೆಯಲ್ಲಿ ತೊಳೆದ ಬೆಣಚುಕಲ್ಲು ಹರಡಿದರೆ ಅವು ನೀರಿಗೆ ಬಿದ್ದು ತೊಯ್ಯುವುದಿಲ್ಲ.

ಹಳ್ಳಿಗಳ ಕಲ್ಲುಬಾನಿ ಉರುಳುವುದಿಲ್ಲ, ಬೇಗ ಕಾಯುವುದೂ ಇಲ್ಲ. ಆದರೆ ಅದನ್ನು ಬಗ್ಗಿಸಿ ತೊಳೆಯಲಾಗದು. ತಳದಲ್ಲಿ ಬಿರಡೆ ಹಾಕುವ ತೂತಿಲ್ಲದ ಬಾನಿಯನ್ನು ಕೋಳಿಗೆ ಬಳಸದಿರುವುದೇ ಲೇಸು.

ನಿಪ್ಪಲ್ ಸಾಲು ಮತ್ತು ಮಟ್ಟ

ಸಾವಿರಗಟ್ಟಲೆ ಕೋಳಿಯ ಶೆಡ್ಡಿಗೆ ನಿಪ್ಪಲ್ ಸಾಲೇ ಸೂಕ್ತ. ನೀರು ಮುಚ್ಚಿದ ಪೈಪಿನಲ್ಲೇ ಇರುತ್ತದೆ, ಕಡ್ಡಿ ಮುಟ್ಟಿದಾಗ ಮಾತ್ರ ತೊಟ್ಟಿಕ್ಕುತ್ತದೆ. ಮೊದಲೆರಡು ದಿನ ನಿಪ್ಪಲ್ ಮರಿಯ ಕಣ್ಣಿನ ಮಟ್ಟದಲ್ಲಿರಬೇಕು. ಆಮೇಲೆ ಕೋಳಿ ಕತ್ತು ಚಾಚಿ, ಓರೆಯಾಗಿ ಮೇಲೆ ನೋಡುತ್ತ ಕೆಳಗಿನಿಂದ ಕಡ್ಡಿ ತಳ್ಳುವಷ್ಟು ಎತ್ತರ. ಮರಿ ಬೆಳೆದಂತೆ ಸಾಲನ್ನೂ ಏರಿಸಬೇಕಾದ್ದರಿಂದ ಅದು ರಾಟೆಗೆ ಹಗ್ಗ ಕಟ್ಟಿ ತೂಗಿದ್ದಾಗಿರಬೇಕು.

ಇಲ್ಲಿ ಹೆಚ್ಚು ಎಡವುವುದು ಒತ್ತಡದಲ್ಲಿ. ಎರಡು ಮೀಟರ್ ಎತ್ತರದ ತೊಟ್ಟಿಯಿಂದ ನೇರ ಬಂದ ನೀರು ನಿಪ್ಪಲಿಗೆ ಅತಿಯಾಗುತ್ತದೆ. ಮರಿಗಳಿಗೆ ಹತ್ತು ಸೆಂಟಿಮೀಟರ್ ನೀರಿನ ಎತ್ತರದ ಒತ್ತಡ, ಬೆಳೆದವಕ್ಕೆ ಮೂವತ್ತು ನಲವತ್ತು ಸೆಂಟಿಮೀಟರ್ ಇದ್ದರೆ ಸಾಮಾನ್ಯವಾಗಿ ಸಾಕು. ನಿಪ್ಪಲ್ ತಯಾರಕರು ಕೊಟ್ಟ ಅಳತೆ ಇದ್ದರೆ ಅದೇ ಅಂತಿಮ. ಒತ್ತಡ ತಗ್ಗಿಸುವ ರೆಗ್ಯುಲೇಟರ್ ಕೊಳ್ಳಬಹುದು. ಸಣ್ಣ ಶೆಡ್ಡಿಗೆ ಇನ್ನೊಂದು ದಾರಿಯಿದೆ: ಮುಚ್ಚಳವಿರುವ 20 ಲೀಟರಿನ ಬಕೆಟ್ಟಿಗೆ, ಶೌಚಾಲಯದ ಸಿಸ್ಟರ್ನಿನಲ್ಲಿರುವಂಥ ತೇಲುಚೆಂಡಿನ ವಾಲ್ವ್ ಕೂರಿಸಿ, ಅದರ ನೀರಿನ ಮಟ್ಟ ನಿಪ್ಪಲ್ ಸಾಲಿಗಿಂತ ಮೂವತ್ತು ಸೆಂಟಿಮೀಟರ್ ಮೇಲಿರುವಂತೆ ತೂಗುಹಾಕುವುದು. ಮೇಲಿನ ತೊಟ್ಟಿ ಎಷ್ಟೇ ಎತ್ತರವಿರಲಿ, ಸಾಲಿಗೆ ಸಿಗುವುದು ಈ ಬಕೆಟ್ಟಿನ ಎತ್ತರದ ಒತ್ತಡವಷ್ಟೇ. ಹೊರಹೋಗುವ ಪೈಪನ್ನು ತಳದಿಂದ ಮೂರು ಸೆಂಟಿಮೀಟರ್ ಮೇಲೆ ಜೋಡಿಸಿದರೆ ಮಡ್ಡಿ ಬಕೆಟ್ಟಿನಲ್ಲೇ ಉಳಿಯುತ್ತದೆ.

ಎರಡನೆಯದು ಸಾಲಿನ ಮಟ್ಟ. ಪೈಪು ಒಂದು ಕಡೆ ಉಬ್ಬಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಆಚೆಯ ನಿಪ್ಪಲ್‌ಗಳು ಒಣಗುತ್ತವೆ. ಜೋತುಬಿದ್ದಲ್ಲಿ ಒತ್ತಡ ಹೆಚ್ಚಿ ಸೋರುತ್ತದೆ. ಹಂಪಿಯ ಅರಮನೆ ಆವರಣದಲ್ಲಿ ಕಲ್ಲುಕಂಬಗಳ ಮೇಲೆ ಸಾಗಿ ಮೆಟ್ಟಿಲು ಪುಷ್ಕರಣಿಗೆ ನೀರು ತಂದ ಕಲ್ಲುತೋಡನ್ನು ನೋಡಿದವರಿಗೆ, ಮೋಟರಿಲ್ಲದೆ ನೀರು ಹರಿಸಲು ಇಳಿಜಾರನ್ನು ಎಷ್ಟು ಎಚ್ಚರದಿಂದ ಅಳೆಯಬೇಕೆಂಬುದು ಕಣ್ಣಿಗೇ ಕಾಣುತ್ತದೆ. ಕೋಳಿ ಶೆಡ್ಡಿಗೆ ಗೌಂಡಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಸಾಕು: ಅದರ ಎರಡೂ ತುದಿಯ ನೀರಿನ ಮಟ್ಟ ಸಾಲಿನ ಎರಡೂ ತುದಿಗೆ ಸರಿಹೊಂದಬೇಕು. ಸಾಲಿನ ಕೊನೆಯಲ್ಲಿ ನೆಟ್ಟಗೆ ನಿಲ್ಲಿಸಿದ ಪಾರದರ್ಶಕ ಕೊಳವೆ ಗಾಳಿಯನ್ನು ಹೊರಬಿಡುತ್ತದೆ, ಒತ್ತಡವನ್ನೂ ತೋರಿಸುತ್ತದೆ.

ನಿಪ್ಪಲ್ ಸರಿಯಾಗಿ ಕೊಡುತ್ತಿದೆಯೇ ಎಂದು ನೋಡಲು ಅಳತೆಯ ಲೋಟ ಹಿಡಿದು ಒಂದು ನಿಮಿಷ ಕಡ್ಡಿ ಒತ್ತಬೇಕು. ಬ್ರಾಯ್ಲರ್ ಕೋಳಿಯ ವಯಸ್ಸಿನ ವಾರವನ್ನು ಏಳರಿಂದ ಗುಣಿಸಿ ಇಪ್ಪತ್ತು ಕೂಡಿಸಿದರೆ ಬರುವಷ್ಟು ಮಿಲಿಲೀಟರ್ ಸಿಗಬೇಕು ಎಂಬುದು ಒಂದು ಅಂದಾಜು. ಐದನೆಯ ವಾರಕ್ಕೆ ಅದು 55. ಸಾಲಿನ ಮೊದಲು, ನಡು, ಕೊನೆ ಮೂರೂ ಕಡೆ ನೋಡಬೇಕು.

ತಂಪು

ಕಾದ ನೀರನ್ನು ಕೋಳಿ ಕುಡಿಯಲೊಲ್ಲದು. 25 ಡಿಗ್ರಿಯ ಒಳಗಿನ ನೀರು ಅದಕ್ಕೆ ಹಿತ. ಮೂವತ್ತು ದಾಟಿದಂತೆ ಕುಡಿಯುವುದು ತಗ್ಗುತ್ತದೆ. ಅತಿ ಹೆಚ್ಚು ನೀರು ಬೇಕಾದ ಹೊತ್ತಿಗೇ ಛಾವಣಿಯ ಮೇಲಿನ ಕಪ್ಪು ತೊಟ್ಟಿಯ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ಬೇಸಿಗೆಯ ಸಾವುಗಳಿಗೆ ಈ ತೊಟ್ಟಿಯೂ ಕಾರಣವಾಗಬಹುದು, ಅದನ್ನು ತಡೆಯುವ ಖರ್ಚು ಸಣ್ಣದು. ತೊಟ್ಟಿಯನ್ನು ನೆರಳಿಗೆ ತರಬೇಕು; ಆಗದಿದ್ದರೆ ತೆಂಗಿನ ಗರಿಯ ಚಪ್ಪರ ಹಾಕಿ, ಹೊರಮೈಗೆ ಸುಣ್ಣ ಬಳಿದು, ಒದ್ದೆ ಗೋಣಿತಟ್ಟು ಸುತ್ತಬೇಕು. ಒಣಗಾಳಿಯಲ್ಲಿ ಗೋಣಿ ಬೇಗ ತಂಪು ಮಾಡುತ್ತದೆ, ಮಣ್ಣಿನ ಹರವಿಯ ತಂಪೂ ಅದೇ ಬಗೆಯದು. ತೊಟ್ಟಿಯಿಂದ ಶೆಡ್ಡಿಗೆ ಬರುವ ಪೈಪನ್ನು ಒಂದೂವರೆ ಅಡಿ ಆಳ ಹೂಳಬೇಕು.

ನಿಪ್ಪಲ್ ಪೈಪಿನಲ್ಲಿ ನಿಂತ ನೀರೂ ಕಾಯುತ್ತದೆ. ಒಳಗೆ ಎರಡು ಸೆಂಟಿಮೀಟರ್ ಅಗಲವಿರುವ 30 ಮೀಟರ್ ಪೈಪು ಹಿಡಿಯುವುದು ಒಂಬತ್ತೂವರೆ ಲೀಟರ್ ಮಾತ್ರ. ಸಾಲಿನ ಕೊನೆಗೆ ನಲ್ಲಿ ಇಟ್ಟು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಗಂಟೆಗೊಮ್ಮೆ ಒಂದು ಬಕೆಟ್ ನೀರು ಹೊರಬಿಟ್ಟರೆ ಇಡೀ ಸಾಲಿಗೆ ತಣ್ಣೀರು ಬರುತ್ತದೆ. ಹೊರಬಿಟ್ಟ ನೀರು ಗಿಡಕ್ಕಾಯಿತು.

ನೀರಿನ ಗುಣಕ್ಕೆ ತಕ್ಕ ಸಾಧನ

ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳ ಸುತ್ತ ಕೆಂಪು ಧೂಳು ಮುಚ್ಚಳವಿಲ್ಲದ ಯಾವ ತೊಟ್ಟಿಯನ್ನೂ ಬಿಡುವುದಿಲ್ಲ. ಬೋರಿನ ನೀರಿನಲ್ಲಿ ಕರಗಿದ ಕಬ್ಬಿಣವಿದ್ದರೆ ಅದು ಗಾಳಿ ತಾಗಿ ತುಕ್ಕಿನ ಪುಡಿಯಾಗುತ್ತದೆ, ಪೈಪಿನೊಳಗೆ ಲೋಳೆ ಕಟ್ಟಿ ನಿಪ್ಪಲ್ ಕಚ್ಚಿಸುತ್ತದೆ. ಅಲ್ಲಿ ನೀರನ್ನು ತೂತುಗಳ ಪೈಪಿನಿಂದ ತೊಟ್ಟಿಗೆ ಮಳೆಯಂತೆ ಬೀಳಿಸಿ, ರಾತ್ರಿ ತಿಳಿಯಾಗಲು ಬಿಟ್ಟು, ಮರಳಿನ ಸೋಸುತೊಟ್ಟಿ ದಾಟಿಸಿದ ಮೇಲೆಯೇ ನಿಪ್ಪಲಿಗೆ ಕೊಡಬೇಕು. ಅಷ್ಟು ವ್ಯವಸ್ಥೆ ಆಗದಿದ್ದರೆ ಬೆಲ್ ಡ್ರಿಂಕರೇ ಮೇಲು. ಗಡಸು ನೀರಿನ ಬಿಳಿ ಪೊರೆಗೆ, ಶೆಡ್ ಖಾಲಿಯಾದಾಗ ಸಿಟ್ರಿಕ್ ಆಮ್ಲದ ದ್ರಾವಣ ತುಂಬಿ ರಾತ್ರಿ ಬಿಟ್ಟು ತೊಳೆಯುವುದು ಮದ್ದು.

ಕಂಪ್ಲಿ ಕಡೆಯ ತೊಡಕು ಬೇರೆ. ಮಳೆಗಾಲದ ಕಾಲುವೆ ನೀರು ಕೆಂಪಾಗಿ ಬರುತ್ತದೆ. ಮಣ್ಣು ತುಂಬಿದ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಮಣ್ಣಿಗೇ ಖರ್ಚಾಗುತ್ತದೆ. ಮೊದಲು ಪಟಿಕದಿಂದ ತಿಳಿ ಮಾಡಿ, ತಿಳಿನೀರನ್ನು ಬೇರೆ ತೊಟ್ಟಿಗೆ ಬಿಟ್ಟು, ಹೊಸ ಪೌಡರಾದರೆ 1000 ಲೀಟರಿಗೆ 10ರಿಂದ 15 ಗ್ರಾಂ ಬೆರೆಸಬೇಕು. ರಾಣಿಖೇತ್ ರೋಗದ ಲಸಿಕೆಯನ್ನು ನೀರಿನಲ್ಲಿ ಕೊಡುವ ಹಿಂದಿನ ದಿನದಿಂದ ಮರುದಿನದವರೆಗೆ ಕ್ಲೋರಿನ್ ನಿಲ್ಲಿಸಬೇಕು, ಇಲ್ಲದಿದ್ದರೆ ಲಸಿಕೆಯ ಜೀವಂತ ವೈರಾಣು ಸಾಯುತ್ತದೆ. ಬೆರೆಸಿದ ಲಸಿಕೆ ಎರಡು ಗಂಟೆಯೊಳಗೆ ಎಲ್ಲ ಕೋಳಿಗಳ ಹೊಟ್ಟೆ ಸೇರಬೇಕಾದ್ದರಿಂದ ಕುಡಿಯುವ ಜಾಗದ ಲೆಕ್ಕ ಆ ದಿನ ಪರೀಕ್ಷೆಗೆ ಬೀಳುತ್ತದೆ.

ತೆರೆದ ನೀರಿನ ದೊಡ್ಡ ಅಪಾಯ ಕಾಡುಹಕ್ಕಿ. ತುಂಗಭದ್ರಾ ಹಿನ್ನೀರು, ದರೋಜಿ ಕೆರೆ, 2024ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಅಂಕಸಮುದ್ರಕ್ಕೆ ನೀರುಹಕ್ಕಿಗಳು ಬರುವ ಸೀಮೆ ಇದು. ಹಕ್ಕಿಜ್ವರದ ವೈರಾಣು ಅವುಗಳ ಹಿಕ್ಕೆಯಿಂದ ನೀರಿಗೆ ಸೇರಿ ದಿನಗಟ್ಟಲೆ ಉಳಿಯಬಲ್ಲದು. 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿಯೇ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಕೆರೆ, ಕಾಲುವೆಯ ನೀರನ್ನು ಕ್ಲೋರಿನ್ ಬೆರೆಸದೆ ಕೋಳಿಗೆ ಕೊಡಬಾರದು. ತೊಟ್ಟಿಗೆ ಮುಚ್ಚಳ, ಗಾಳಿಕಿಂಡಿಗೆ ಸಣ್ಣ ಜಾಲರಿ, ಹೊರಗಿನ ಪಾತ್ರೆಗೆ ತಟ್ಟಿಯ ಮರೆ ಇರಲೇಬೇಕು.

ಹಾಸು ಮತ್ತು ಲೆಕ್ಕದ ಕೋಲು

ಕಂಪ್ಲಿ, ಗಂಗಾವತಿಯ ಅಕ್ಕಿಗಿರಣಿಗಳಿಂದ ಬರುವ ಭತ್ತದ ಹೊಟ್ಟು ಇಲ್ಲಿ ಸುಲಭವಾಗಿ ಸಿಗುವ ಹಾಸು. ನೀರಿನ ಸಾಧನ ಸರಿಯಿದೆಯೇ ಎಂಬುದನ್ನು ಅದೇ ಹೇಳುತ್ತದೆ. ಪಾತ್ರೆಯ ಕೆಳಗಿನ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಕೈಬಿಟ್ಟಾಗ ಉದುರಿದರೆ ಒಳ್ಳೆಯದು. ಉಂಡೆಯಾಗಿ ಉಳಿದರೆ ಅಂಚು ತಗ್ಗಿದೆ, ಒತ್ತಡ ಹೆಚ್ಚಿದೆ ಅಥವಾ ವಾಲ್ವ್ ಸೋರುತ್ತಿದೆ. ಒದ್ದೆ ಹಾಸಿನಿಂದ ಅಮೋನಿಯ ಏಳುತ್ತದೆ, ರಕ್ತಭೇದಿ ತರುವ ಕಾಕ್ಸಿಡಿಯಾ ಬಲಿಯುತ್ತದೆ. ಒದ್ದೆಯಾದಷ್ಟನ್ನು ಅಂದೇ ತೆಗೆದು ಒಣಹೊಟ್ಟು ಹರಡಬೇಕು, ಆಮೇಲೆ ಸಾಧನ ತಿದ್ದಬೇಕು.

ತೊಟ್ಟಿಯ ಪಕ್ಕಕ್ಕೆ ಮೀಟರು ಕೂರಿಸಿದರೆ ಉತ್ತಮ. ಇಲ್ಲದಿದ್ದರೆ ಲೀಟರಿನ ಗೀಟು ಹಾಕಿದ ಶುಭ್ರವಾದ ಕೋಲು ಸಾಕು. ದಿನವೂ ಒಂದೇ ಹೊತ್ತಿಗೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು. ಬಿಸಿಲು ಅಷ್ಟೇ ಇದ್ದು ನೀರಿನ ಖರ್ಚು ಥಟ್ಟನೆ ಏರಿದರೆ ಸೋರಿಕೆಯನ್ನೋ ಆಹಾರದಲ್ಲಿ ಹೆಚ್ಚಾದ ಉಪ್ಪನ್ನೋ ಹುಡುಕಬೇಕು. ಇಳಿದರೆ ಮೊದಲು ನಿಪ್ಪಲ್ ಕಟ್ಟಿದೆಯೇ, ನೀರು ಕಾದಿದೆಯೇ ಎಂದು ನೋಡಬೇಕು. ಅವೆರಡೂ ಸರಿಯಿದ್ದರೆ ಕೋಳಿಗಳು ಇನ್ನೂ ತಿನ್ನುತ್ತಿರುವಾಗಲೇ ಪಶುವೈದ್ಯರನ್ನು ಕರೆಯಬೇಕು. ಹಲವು ರೋಗಗಳಲ್ಲಿ ಮೇವು ಬಿಡುವ ಮುಂಚೆ ಕೋಳಿ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತದೆ.