ಬಿಗಿಯಾಗುವ ಮೈಲೇಜ್ ನಿಯಮ: ಲಾರಿ ಮಾಲೀಕರಿಗೆ ಹತ್ತು ಸೂತ್ರಗಳು

ದೂರದ ಲೈನಿನಲ್ಲಿ ಓಡುವ ಲಾರಿಯ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಡೀಸೆಲ್‌ಗೇ ಹೋಗುತ್ತದೆ. ಕಂತು, ಟೋಲ್, ಟೈರ್, ಇನ್ಶೂರೆನ್ಸ್, ಡ್ರೈವರ್ ಬಾಟಾ ಎಲ್ಲವೂ ಉಳಿದರ್ಧದಲ್ಲೇ ಆಗಬೇಕು. ಭಾರಿ ವಾಹನಗಳು ಎಷ್ಟು ಇಂಧನ ಕುಡಿಯಬಹುದು ಎಂದು ಮಿತಿ ಹಾಕುವ ನಿಯಮ ನಮ್ಮ ದೇಶದಲ್ಲಿ 2017ರಲ್ಲೇ ಪ್ರಕಟವಾಗಿತ್ತು. ಮುಂದೆ ಮುಂದೆ ಹೋಗಿ ಕೊನೆಗೆ 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಈ ಮಿತಿ ಬಿಗಿಯಾದಷ್ಟೂ ಹೊಸ ಗಾಡಿಯ ಬೆಲೆ ಏರಬಹುದು, ರಿಪೇರಿಯ ರೀತಿ ಬದಲಾಗಬಹುದು, ಹಳೆ ಗಾಡಿಗೆ ಸಿಗುವ ರೇಟು ಇಳಿಯಬಹುದು. ಆದರೆ ಉಳಿದ ಡೀಸೆಲ್‌ನ ದುಡ್ಡು ಸೇರುವುದು ಮಾಲೀಕನ ಕೈಗೇ. ಒಂದೆರಡು ಲಾರಿ ನಂಬಿ ಮನೆ ನಡೆಸುವವರಿಗೂ ಆ ದುಡ್ಡು ಸಿಗಬೇಕು. ಸಿಗುವ ದಾರಿ ಹೇಗೆ?

1. ನಿಯಮ ಯಾರಿಗೆ ಎಂದು ತಿಳಿದುಕೊಳ್ಳಿ

ಇಂಧನ ಬಳಕೆಯ ಮಿತಿ ಅನ್ವಯಿಸುವುದು ಗಾಡಿ ತಯಾರಿಸುವ ಕಂಪನಿಗೆ. ನೀವು ಈಗಾಗಲೇ ಓಡಿಸುತ್ತಿರುವ ಲಾರಿಯ ಮೈಲೇಜ್ ಎಷ್ಟೆಂದು ಎಫ್‌ಸಿಗೆ ಹೋದಾಗ ಯಾರೂ ಅಳೆಯುವುದಿಲ್ಲ. ‘ಹೊಸ ರೂಲ್ಸ್ ಬರುತ್ತಿದೆ, ಹಳೇ ಗಾಡಿ ಇನ್ನು ಓಡಲ್ಲ’ ಎಂದು ಹೆದರಿಸಿ ಕಡಿಮೆ ರೇಟಿಗೆ ಗಾಡಿ ಎತ್ತಿಕೊಂಡು ಹೋಗುವ ಬ್ರೋಕರ್‌ಗಳಿದ್ದಾರೆ. ಅವರ ಮಾತಿಗೆ ಗಾಡಿ ಮಾರಬೇಡಿ. ನಿಯಮದ ಬಿಸಿ ನಿಮಗೆ ತಟ್ಟುವುದು ಮುಂದಿನ ಗಾಡಿ ಕೊಳ್ಳುವ ದಿನ. ಅಲ್ಲಿಯ ತನಕ ಸಿಗುವುದು ತಯಾರಿಗೆ ಸಮಯ.

2. ಕಂಪನಿ ಹೇಳುವ ಮೈಲೇಜನ್ನು ನಿಮ್ಮ ಲೈನಿಗೆ ಹೋಲಿಸಿ ನೋಡಿ

ಸರ್ಕಾರದ ಪರೀಕ್ಷೆಯಲ್ಲಿ ಲಾರಿಗೆ ಪೂರ್ತಿ ಲೋಡ್ ಹಾಕಿ, ಗಂಟೆಗೆ 40 ಮತ್ತು 60 ಕಿ.ಮೀ. ವೇಗದಲ್ಲಿ ಒಂದೇ ಸಮ ಓಡಿಸುತ್ತಾರೆ. ಆ ಟ್ರ್ಯಾಕಿನಲ್ಲಿ ಶಿರಾಡಿ ಘಾಟಿ ಇಲ್ಲ, ನೆಲಮಂಗಲದ ಜಾಮ್ ಇಲ್ಲ, ಹಂಪು ಇಲ್ಲ. ಎಂಜಿನ್, ಟೈರ್, ಗಾಳಿಯ ತಡೆ, ರಸ್ತೆಯ ಬಗೆ ಎಲ್ಲವನ್ನೂ ಕೂಡಿಸಿ ಕಂಪ್ಯೂಟರ್‌ನಲ್ಲಿ ಅಳೆಯುವ ಪದ್ಧತಿ ಯುರೋಪಿನಲ್ಲಿ 2019ರಿಂದ ನಡೆದಿದೆ. ನಮ್ಮಲ್ಲೂ ಅಂಥದ್ದು ಬಂದರೆ ಅಂಕಿ ವಾಸ್ತವಕ್ಕೆ ಹತ್ತಿರವಾದೀತು. ಈಗಂತೂ ಶೋರೂಮಿನ ಅಂಕಿ ನಂಬಿ ಸಹಿ ಹಾಕಬೇಡಿ. ನಿಮ್ಮದೇ ಲೈನಿನಲ್ಲಿ, ನಿಮ್ಮಷ್ಟೇ ಲೋಡ್ ಹಾಕಿ ಅದೇ ಮಾಡೆಲ್ ಓಡಿಸುತ್ತಿರುವ ಇಬ್ಬರು ಮೂವರನ್ನು ಕೇಳಿ.

3. ಟನ್ನಿಗೆ ಎಷ್ಟು ಲೀಟರ್ ಎಂದು ಬರೆದಿಡಿ

ಹೊರಡುವಾಗ ಟ್ಯಾಂಕ್ ಫುಲ್ ಮಾಡಿ ಮೀಟರ್ ಬರೆದುಕೊಳ್ಳಿ. ವಾಪಸ್ ಬಂದು ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಹಿಡಿದ ಲೀಟರನ್ನು ಬರೆದುಕೊಳ್ಳಿ. ಇದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಬಿಡುವುದು ಲೋಡಿನ ಲೆಕ್ಕವನ್ನು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿ.ಮೀ. ಒಂದು ಲಾರಿ 10 ಟನ್ ಹೇರಿಕೊಂಡು ಲೀಟರಿಗೆ 4.5 ಕಿ.ಮೀ. ಕೊಟ್ಟಿತು ಎನ್ನಿ. ಅದಕ್ಕೆ 91 ಲೀಟರ್ ಬೇಕು, ಟನ್ನಿಗೆ 9.1 ಲೀಟರ್ ಆಯಿತು. ಇನ್ನೊಂದು 18 ಟನ್ ಹೇರಿ 4 ಕಿ.ಮೀ. ಮಾತ್ರ ಕೊಟ್ಟಿತು. ಅದಕ್ಕೆ 102 ಲೀಟರ್ ಹಿಡಿದರೂ ಟನ್ನಿಗೆ 5.7 ಲೀಟರ್ ಅಷ್ಟೆ. ಮೈಲೇಜ್ ಕಡಿಮೆ ಕೊಟ್ಟ ಗಾಡಿಯೇ ಹೆಚ್ಚು ದುಡಿಯಿತು. ಬಾಡಿಗೆ ಸಿಗುವುದು ಸಾಗಿಸಿದ ಸರಕಿಗೆ. ಹಾಗಾಗಿ ನಿಮ್ಮ ಪುಸ್ತಕದಲ್ಲಿ ತಾರೀಖು, ಕಿಲೋಮೀಟರ್, ಲೀಟರ್ ಜೊತೆಗೆ ಟನ್ ಎಂಬ ನಾಲ್ಕನೇ ಕಾಲಂ ಇರಲೇಬೇಕು.

4. ಏರಿದ ಬೆಲೆಯನ್ನು ಓಡುವ ಕಿಲೋಮೀಟರಿನಿಂದ ಅಳೆಯಿರಿ

ಮೈಲೇಜ್ ಶೇ. 10 ಹೆಚ್ಚು ಕೊಡುವ ಹೊಸ ಲಾರಿಗೆ ₹3 ಲಕ್ಷ ಜಾಸ್ತಿ ಕೊಡಬೇಕು ಎಂದಿಟ್ಟುಕೊಳ್ಳಿ. ಅದು ಲಾಭವೋ ನಷ್ಟವೋ ಎನ್ನುವುದು ನಿಮ್ಮ ಗಾಡಿ ತಿಂಗಳಿಗೆ ಎಷ್ಟು ಓಡುತ್ತದೆ ಎನ್ನುವುದರ ಮೇಲಿದೆ.

ತಿಂಗಳಿಗೆ 8,000 ಕಿ.ಮೀ. ಓಡುವ ಲೈನ್ ಗಾಡಿ ಲೀಟರಿಗೆ 4ರ ಬದಲು 4.4 ಕಿ.ಮೀ. ಕೊಟ್ಟರೆ ಸುಮಾರು 182 ಲೀಟರ್ ಉಳಿಯುತ್ತದೆ. ಲೀಟರಿಗೆ ₹90 ಹಿಡಿದರೂ ತಿಂಗಳಿಗೆ ₹16,300ರಷ್ಟು. ಒಂದೂವರೆ ವರ್ಷದ ಆಸುಪಾಸಿನಲ್ಲಿ ಹೆಚ್ಚುವರಿ ಬೆಲೆ ವಸೂಲಾಗುತ್ತದೆ. ಅದೇ ಗಾಡಿ ಊರ ಸುತ್ತ ಜಲ್ಲಿ, ಇಟ್ಟಿಗೆ ಹೊಡೆಯುತ್ತ ತಿಂಗಳಿಗೆ 3,000 ಕಿ.ಮೀ. ಓಡಿದರೆ ಉಳಿಯುವುದು ₹6,100. ವಸೂಲಾಗಲು ನಾಲ್ಕು ವರ್ಷ ದಾಟಬೇಕು, ಬಡ್ಡಿ ಬೇರೆ.

ಒಂದೇ ನಿಯಮ, ಒಂದೇ ಗಾಡಿ, ಇಬ್ಬರು ಮಾಲೀಕರಿಗೆ ಎರಡು ಫಲ. ಪಕ್ಕದವನು ಕೊಂಡನೆಂದು ಕೊಳ್ಳಬೇಡಿ, ಪಕ್ಕದವನು ಬೇಡವೆಂದನೆಂದು ಬಿಡಲೂ ಬೇಡಿ. ಸರಕು ಲಾರಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ₹30 ಲಕ್ಷದ ಗಾಡಿಗೆ ಇದೊಂದರಲ್ಲೇ ₹3 ಲಕ್ಷ ಕಡಿಮೆ. ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

5. ಕೊನೇ ಗಳಿಗೆಯ ಡಿಸ್ಕೌಂಟಿಗೆ ಮರುಳಾಗಬೇಡಿ

ನಿಯಮ ಬದಲಾಗುವ ಹೊತ್ತಿಗೆ ಹಳೆ ಸ್ಟಾಕ್ ಖಾಲಿ ಮಾಡುವ ಆತುರ ಡೀಲರ್‌ಗಳಿಗಿರುತ್ತದೆ. 2017ರ ಮಾರ್ಚ್ ಕೊನೆಯಲ್ಲಿ, ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ ಡಿಸ್ಕೌಂಟಿನ ಸುರಿಮಳೆಯೇ ಆಯಿತು. ಆ ಗಾಡಿಗಳ ಮುಂದೆ ಈಗ ಬಾಗಿಲು ಮುಚ್ಚುತ್ತಿವೆ: ದೆಹಲಿಯಲ್ಲಿ ನೋಂದಣಿಯಾಗದ ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಸರಕು ವಾಹನಗಳಿಗೆ 2025ರ ನವೆಂಬರ್ 1ರಿಂದ ಆ ನಗರಕ್ಕೆ ಪ್ರವೇಶವಿಲ್ಲ. ಬಿಎಸ್-4 ಗಾಡಿಗಳಿಗೆ ಕೊಟ್ಟಿರುವ ಗಡುವು 2026ರ ಅಕ್ಟೋಬರ್ 31. ಕರ್ನಾಟಕದಿಂದ ಹಣ್ಣು ತರಕಾರಿ ಹೇರಿಕೊಂಡು ಆಜಾದ್‌ಪುರ ಮಂಡಿಗೆ ಹೋಗುವವರಿಗೆ ಇದು ನೇರ ಹೊಡೆತ. ಲಾರಿ ಹತ್ತು ಹನ್ನೆರಡು ವರ್ಷ ದುಡಿಯುವ ಆಸ್ತಿ. ಇವತ್ತು ಕಡಿಮೆಯಾದ ಬೆಲೆಯ ಜೊತೆಗೆ ಐದನೇ ವರ್ಷದಲ್ಲಿ ಅದು ಯಾವ ಊರಿಗೆ ಹೋಗಬಲ್ಲದು, ಎಷ್ಟಕ್ಕೆ ಮಾರಿಹೋಗುತ್ತದೆ ಎಂದೂ ಕೇಳಿಕೊಳ್ಳಿ.

6. ಬಿಎಸ್-6 ಗಾಡಿಗೆ ಅದರದೇ ಆರೈಕೆ ಕೊಡಿ

2020ರ ಏಪ್ರಿಲ್ 1ರಿಂದ ಬಂದ ಗಾಡಿಗಳಿಗೆ ಡೀಸೆಲ್ ಜೊತೆ ಆ್ಯಡ್‌ಬ್ಲೂ ಕೂಡ ಬೇಕು. ಡೀಸೆಲ್‌ನ ಸುಮಾರು ಶೇ. 5ರಷ್ಟು ಇದು ಖರ್ಚಾಗುತ್ತದೆ. ಮೈಲೇಜ್ ಲೆಕ್ಕದಲ್ಲಿ ಇದನ್ನು ಬಿಟ್ಟರೆ ಉಳಿತಾಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಶೇ. 32.5 ಯೂರಿಯಾ, ಉಳಿದದ್ದು ಶುದ್ಧ ನೀರು ಇರಬೇಕಾದ ಈ ದ್ರಾವಣಕ್ಕೆ ಸಾದಾ ನೀರು ಬೆರೆಸಿ, ಇಲ್ಲವೇ ಗೊಬ್ಬರದ ಯೂರಿಯಾ ಕದಡಿ ಹಾಕಿದರೆ ಸೈಲೆನ್ಸರ್ ಭಾಗದ ದುಬಾರಿ ವ್ಯವಸ್ಥೆಯೇ ಕೆಡುತ್ತದೆ. ಆ್ಯಡ್‌ಬ್ಲೂ ಖಾಲಿಯಾದರೆ ಎಂಜಿನ್ ತಾನಾಗಿಯೇ ಪವರ್ ಇಳಿಸಿಕೊಂಡು ಹೈವೇಯಲ್ಲಿ ತೆವಳುತ್ತದೆ.

ಇನ್ನೊಂದು ಮಾತು ಐಡ್ಲಿಂಗ್ ಬಗ್ಗೆ. ಅನ್‌ಲೋಡಿಂಗ್ ಸರದಿಯಲ್ಲಿ ನಿಂತು ಎಂಜಿನ್ ಓಡುತ್ತಲೇ ಇದ್ದರೆ ಡೀಸೆಲ್ ವ್ಯರ್ಥ, ಜೊತೆಗೆ ಮಸಿ ಹಿಡಿಯುವ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್ ದೀಪ ಉರಿದರೆ ಅವತ್ತೇ ಗಮನಿಸಿ, ಮುಂದಿನ ಟ್ರಿಪ್‌ಗೆ ಬಿಡಬೇಡಿ.

7. ಘಾಟಿಯಲ್ಲಿ ನ್ಯೂಟ್ರಲ್ ಬೇಡವೇ ಬೇಡ

ಸಕಲೇಶಪುರ ದಾಟಿ ಗುಂಡ್ಯದ ಕಡೆ ಶಿರಾಡಿ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂದು ನಂಬಿರುವ ಡ್ರೈವರ್‌ಗಳು ಇಂದಿಗೂ ಇದ್ದಾರೆ. ಈಗಿನ ಎಂಜಿನ್‌ನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಗಾಡಿ ಗೇರಿನಲ್ಲಿದ್ದು ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಇಂಜೆಕ್ಟರ್‌ಗೆ ಡೀಸೆಲ್ ಹೋಗುವುದು ನಿಂತುಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಎಂಜಿನ್ ಆರದಂತೆ ನೋಡಿಕೊಳ್ಳಲು ಡೀಸೆಲ್ ಮತ್ತೆ ಹರಿಯಲು ಶುರುವಾಗುತ್ತದೆ. ಅಂದರೆ ಉಳಿಸಲು ಹೋಗಿ ಸುಡುತ್ತೇವೆ. ಮೇಲಾಗಿ ಎಂಜಿನ್ ಬ್ರೇಕೂ ಇಲ್ಲ, ಎಕ್ಸಾಸ್ಟ್ ಬ್ರೇಕೂ ಹಿಡಿಯದು. ಇಡೀ ಭಾರ ಚಕ್ರದ ಬ್ರೇಕಿನ ಮೇಲೆ ಬಿದ್ದು, ಡ್ರಮ್ ಕಾದು, ಹೊಗೆ ವಾಸನೆ ಬರುವ ಹೊತ್ತಿಗೆ ತಿರುವು ಎದುರಿಗಿರುತ್ತದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಅಥವಾ ಅದಕ್ಕಿಂತ ಕೆಳಗಿನದು. ಈ ಒಂದು ಪಾಠದಲ್ಲಿ ಡೀಸೆಲ್ಲೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

8. ಟೈರ್, ಗಾಳಿ, ಟಾರ್ಪಾಲು

ಗಾಳಿ ಕಡಿಮೆಯಿದ್ದ ಟೈರ್ ಉರುಳಲು ಎಂಜಿನ್ ಹೆಚ್ಚು ಎಳೆಯಬೇಕು. ಜೋಡಿ ಚಕ್ರದ ಹೊರಟೈರಿಗೆ ಗಾಳಿ ನೋಡುತ್ತಾರೆ, ಒಳಗಿನದನ್ನು ಮರೆಯುತ್ತಾರೆ. ಹೊರಡುವ ಮೊದಲು, ಟೈರ್ ತಣ್ಣಗಿರುವಾಗ, ಗೇಜ್ ಹಾಕಿಯೇ ನೋಡಿಸಿ. ಹಳೆಯ ನೈಲಾನ್ ಟೈರಿಗಿಂತ ರೇಡಿಯಲ್ ಟೈರ್ ಸಲೀಸಾಗಿ ಉರುಳುತ್ತದೆ, ದೂರದ ಲೈನಿಗೆ ಅದೇ ಲಾಭ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ 60ರಿಂದ 80ಕ್ಕೆ ಹೋದರೆ ತಡೆ ಸುಮಾರು ಮುಕ್ಕಾಲುಪಟ್ಟು ಹೆಚ್ಚು. ಪಟಪಟ ಬಡಿದುಕೊಳ್ಳುವ ಟಾರ್ಪಾಲನ್ನು ಬಿಗಿಯಾಗಿ ಕಟ್ಟಿಸಿ.

9. ಉಳಿತಾಯದಲ್ಲಿ ಡ್ರೈವರ್‌ಗೆ ಪಾಲು ಕೊಡಿ

ಎಂಥ ಒಳ್ಳೆಯ ಎಂಜಿನ್ ಬಂದರೂ ಆ್ಯಕ್ಸಿಲರೇಟರ್ ಮೇಲಿರುವುದು ಡ್ರೈವರ್ ಕಾಲು. ‘ಇಷ್ಟು ಮೈಲೇಜ್ ಬರಲೇಬೇಕು, ಬರದಿದ್ದರೆ ಸಂಬಳದಲ್ಲಿ ಹಿಡಿಯುತ್ತೇನೆ’ ಎಂದರೆ ಅವರು ಗುಟ್ಟು ಮಾಡುತ್ತಾರೆ. ‘ಉಳಿದ ಡೀಸೆಲ್ ದುಡ್ಡಿನಲ್ಲಿ ಕಾಲುಭಾಗ ನಿಮ್ಮದು’ ಎಂದರೆ ಟೈರಿನ ಗಾಳಿಯನ್ನು ಅವರೇ ನೋಡಿಸುತ್ತಾರೆ. ಲೆಕ್ಕದ ಪುಸ್ತಕ ಅವರಿಗೂ ತೋರಿಸಿ, ಪಾಲನ್ನು ತಿಂಗಳಿಗೆ ಸರಿಯಾಗಿ ಕೊಡಿ. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ 2025ರಿಂದ ಎಸಿ ಕಡ್ಡಾಯವಾಗಿದೆ. ಅದಕ್ಕೂ ಒಂದಿಷ್ಟು ಡೀಸೆಲ್ ಹೋಗುತ್ತದೆ, ಹೋಗಲಿ. ಬಿಸಿಲಲ್ಲಿ ಬೇಯದೆ, ನಿದ್ದೆಗೆಡದೆ ಓಡಿಸುವ ಡ್ರೈವರ್‌ನಿಂದ ನಿಮ್ಮ ಗಾಡಿಗೆ ಸಿಗುವ ರಕ್ಷಣೆ ಅದಕ್ಕಿಂತ ದೊಡ್ಡದು.

10. ಖಾಲಿ ಓಟ ತಗ್ಗಿಸಿ, ಹಳೆಯದಕ್ಕೆ ಬೆಲೆ ಪಡೆಯಿರಿ, ಒಟ್ಟಾಗಿ ಕೇಳಿ

ಖಾಲಿ ವಾಪಸ್ ಬರುವ ಲಾರಿಯನ್ನು ಯಾವ ನಿಯಮವೂ ಲಾಭಕ್ಕೆ ತರದು. ಲೋಡ್ ಇಳಿಸುವ ಮೊದಲೇ ರಿಟರ್ನ್ ಲೋಡ್ ಹುಡುಕಿ. ಹಾಗೆಂದು ಓವರ್‌ಲೋಡ್‌ಗೆ ಇಳಿಯಬೇಡಿ. ಹತ್ತು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್‌ನಿಂದ 28.5 ಟನ್‌ಗೆ ಏರಿಸಿದ್ದಾರೆ. ಅದನ್ನು ಮೀರಿದರೆ ₹20,000 ದಂಡ, ಹೆಚ್ಚುವರಿ ಟನ್ನಿಗೆ ₹2,000 ಬೇರೆ.

ತೀರಾ ಹಳೆಯದಾದ ಗಾಡಿಯನ್ನು ಗುಜರಿಯವನಿಗೆ ಕೊಡದೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಪಡೆಯಿರಿ. ಅದಿದ್ದರೆ ಹೊಸ ಸರಕು ವಾಹನದ ರಸ್ತೆ ತೆರಿಗೆಯಲ್ಲಿ ಶೇ. 15ರ ತನಕ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ದಿನಾ ಒಂದೇ ದಾರಿ, ಸಂಜೆಗೆ ಅದೇ ಯಾರ್ಡ್ ಎನ್ನುವಂಥ ಬಂದರು ಅಥವಾ ಸಿಮೆಂಟ್ ಕಾರ್ಖಾನೆಯ ಕೆಲಸವಿದ್ದರೆ ಎಲೆಕ್ಟ್ರಿಕ್ ಲಾರಿಯನ್ನೂ ವಿಚಾರಿಸಿ. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಗಾಡಿಯೊಂದಕ್ಕೆ ₹9.6 ಲಕ್ಷದವರೆಗೆ ಪ್ರೋತ್ಸಾಹಧನವಿದೆ, ಅದಕ್ಕೂ ಇದೇ ಸರ್ಟಿಫಿಕೇಟ್ ಬೇಕು.

ಇನ್ನು ಕೆಲವು ಕೆಲಸ ಒಬ್ಬರಿಂದ ಆಗುವುದಿಲ್ಲ. ಡೀಸೆಲ್ ಏರಿದರೆ ಬಾಡಿಗೆಯೂ ಏರಬೇಕು ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಲು ಸಂಘದ ಬಲ ಬೇಕು. ಫ್ರಿಜ್ ಮೇಲೆ ನಕ್ಷತ್ರದ ಚೀಟಿ ಇರುವ ಹಾಗೆ ಪ್ರತಿ ಹೊಸ ಲಾರಿಯ ಮೇಲೂ ಇಂಧನ ಬಳಕೆಯ ಅಂಕಿ ಇರಬೇಕು, ಒಂದು ಲಾರಿಯ ಮಾಲೀಕನಿಗೂ ಕಡಿಮೆ ಬಡ್ಡಿಯ ಸಾಲ ಸಿಗಬೇಕು ಎಂದು ಕೇಳಬೇಕಾದವರೂ ನಾವೇ. ಅಂಥ ಮಾತಿಗೆ ತೂಕ ಬರುವುದು ಕೈಯಲ್ಲಿ ಲೆಕ್ಕ ಇದ್ದಾಗ. ಐವತ್ತು ಮಾಲೀಕರು ಒಂದು ವರ್ಷದ ಕಿಲೋಮೀಟರ್, ಲೀಟರ್, ಟನ್ ಬರೆದಿಟ್ಟು ಸಭೆಗೆ ಬಂದರೆ, ಕಂಪನಿಯಾಗಲಿ ಸರ್ಕಾರವಾಗಲಿ ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆ ಪುಸ್ತಕವನ್ನು ಮುಂದಿನ ಟ್ರಿಪ್‌ನಿಂದಲೇ ಶುರು ಮಾಡಿ.